ಹೊಸ ಡೀಸೆಲ್ ಎಂಜಿನ್ನು, ಹಳೆಯ ಅಭ್ಯಾಸ



ರಾಣೇಬೆನ್ನೂರು ತಾಲೂಕಿನ ಹಲಗೇರಿ ನನ್ನ ಊರು. ಹತ್ತಿ, ಮೆಕ್ಕೆಜೋಳ, ಶೇಂಗಾ ಇವುಗಳ ಮಾತಿಲ್ಲದೆ ನಮ್ಮಲ್ಲಿ ದಿನ ಉರುಳುವುದಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಪೇಟೆ, ರಾಣೇಬೆನ್ನೂರಿನ ಬೀಜದ ವ್ಯಾಪಾರ, ಪುಣೆ-ಬೆಂಗಳೂರು ಹೆದ್ದಾರಿ, ಈ ಮೂರೂ ಸೇರಿ ನಮ್ಮ ಸೀಮೆಯ ಹಣಕಾಸಿನ ಚಕ್ರವನ್ನು ತಿರುಗಿಸುತ್ತವೆ. ಒಂದು ಕಾಲಕ್ಕೆ ಈ ಹೆದ್ದಾರಿಯ ಮೇಲೆ ಲಾರಿಗಳದೇ ದರಬಾರು. ಈಗ ಲಾರಿಗಳ ನಡುವೆ ನುಣ್ಣನೆಯ ಮೈಯ, ದೊಡ್ಡ ಹೆಸರಿನ ಡೀಸೆಲ್ ಕಾರುಗಳೂ ಸರಿದು ಹೋಗುತ್ತವೆ. ಕೆಲವು ಹೊಚ್ಚ ಹೊಸವು. ಹಲವು ದೂರದ ನಗರಗಳಲ್ಲಿ ಒಬ್ಬಿಬ್ಬರ ಕೈ ದಾಟಿ ಬಂದವು. ಅಂಥ ಕಾರುಗಳಲ್ಲಿ ಒಂದೊಂದು ಗ್ಯಾರೇಜಿನ ಅಂಗಳದಲ್ಲಿ ತಾಡಪತ್ರಿ ಹೊದ್ದು ತಿಂಗಳುಗಟ್ಟಲೆ ನಿಂತಿರುವುದನ್ನೂ ಕಾಣುತ್ತೇವೆ. ಹೊರಗೆ ಗೀರು ಬಿದ್ದಿರುವುದಿಲ್ಲ, ಗಾಲಿ ಸವೆದಿರುವುದಿಲ್ಲ. ಒಳಗೆ ಎಂಜಿನ್ನು ಮಾತ್ರ ಮೂಕವಾಗಿರುತ್ತದೆ. ಅದೇಕೆ ಹೀಗೆ ಎಂಬುದೇ ಈ ಹೊತ್ತಿನ ನನ್ನ ಮಾತಿನ ವಿಷಯ. ಎಂಜಿನ್ನುಗಳ ನಡುವೆ ಬಾಳಿ, ಹುಡುಗರಿಗೆ ಆ ವಿದ್ಯೆಯನ್ನು ಹೇಳಿಕೊಟ್ಟವನು ನಾನು. ಅನೇಕ ಯಂತ್ರಗಳ ಸಾವಿನ ಹಿಂದೆ ಮನುಷ್ಯರ ಒಳ್ಳೆಯ ಅಭ್ಯಾಸಗಳೇ ಇದ್ದುದನ್ನು ಕಂಡಿದ್ದೇನೆ. ಹಳೆಯ ಎಂಜಿನ್ನು ಕಲಿಸಿದ ಅಭ್ಯಾಸಗಳು ಅವು.

ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಔಗ್ಸ್‌ಬರ್ಗ್ ನಗರದಲ್ಲಿ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದನು. ಅದರ ತತ್ತ್ವ ಸರಳವಾದುದು. ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುತ್ತದೆ. ಕಾದ ಗಾಳಿಯೊಳಗೆ ಎಣ್ಣೆಯನ್ನು ಸಿಂಪಡಿಸಿದರೆ ಕಿಡಿಯ ಹಂಗಿಲ್ಲದೆ ಅದು ತಾನೇ ಹೊತ್ತಿಕೊಳ್ಳುತ್ತದೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಈ ಜಾತಿಯ ಒಂದು ಪುಟ್ಟ ಎಂಜಿನ್ನು ಶೇಂಗಾ ಎಣ್ಣೆಯಿಂದ ಓಡಿತೆಂಬುದನ್ನು ಶೇಂಗಾ ಬೆಳೆಯುವ ನಾವು ನೆನೆಯಬೇಕು. ಅಷ್ಟು ಉದಾರಿಯಾಗಿತ್ತು ಅದು; ಕೊಟ್ಟದ್ದನ್ನು ಉಂಡು ಕೆಲಸ ಮಾಡುವ ಎತ್ತಿನಂತೆ.

ನಮ್ಮ ಹಿರಿಯರಿಗೆ ಡೀಸೆಲ್ ಎಂಜಿನ್ನಿನ ಪರಿಚಯವಾದದ್ದು ಹೊಲದ ಪಂಪ್‌ಸೆಟ್ಟಿನಿಂದ, ಟ್ರ್ಯಾಕ್ಟರಿನಿಂದ, ಲಾರಿಯಿಂದ. 1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಆರಂಭವಾಯಿತು. ಜನ ಅದನ್ನು ಮೈಕೋ ಎಂದೇ ಕರೆದರು. 2008ರಿಂದ ಅದರ ಹೆಸರು ಬಾಷ್. ಆ ಕಂಪನಿಯ ಇಂಜೆಕ್ಷನ್ ಪಂಪು, ನಾಝಲ್‌ಗಳು ನಾಡಿನ ಮೂಲೆ ಮೂಲೆಯ ಮಿಸ್ತ್ರಿಗಳ ಕೈಗೆ ಬಂದವು. ಎಂಜಿನ್ನಿಗೆ ಗಾಳಿ ಹಿಡಿದರೆ ನಟ್ಟು ಸಡಿಲಿಸಿ ಕೈಪಂಪು ಒತ್ತಿ ಗಾಳಿ ಬಿಡುವುದು, ನಾಝಲ್ ಕಟ್ಟಿದರೆ ಬಿಚ್ಚಿ ತೊಳೆಯುವುದು, ಫಿಲ್ಟರನ್ನು ಡೀಸೆಲ್ಲಿನಲ್ಲೇ ಅದ್ದಿ ಜಾಲಿಸಿ ಮತ್ತೆ ಕೂಡಿಸುವುದು, ಇವೆಲ್ಲ ಹೊಲದ ಬದುವಿನ ಮೇಲೆ ಕುಳಿತು ಮಾಡಬಹುದಾದ ಕೆಲಸಗಳಾಗಿದ್ದವು. ಕೆಟ್ಟ ಭಾಗ ಯಾವುದೋ ಅದಷ್ಟೇ ಕೆಡುತ್ತಿತ್ತು. ಅದನ್ನು ಬದಲಿಸಿದರೆ ಎಂಜಿನ್ನು ಮತ್ತೆ ನಡೆಯುತ್ತಿತ್ತು.

ಇನ್ನು ಹೊಸ ಎಂಜಿನ್ನಿನ ಕಡೆಗೆ ಬರೋಣ. ಹಾವೇರಿಯು ಧಾರವಾಡದಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾದ 1997ರಲ್ಲಿಯೇ ಯುರೋಪಿನಲ್ಲಿ ಡೀಸೆಲ್ ಕಾರಿನ ಚರಿತ್ರೆಯೂ ಒಂದು ಹೊಸ ಮಗ್ಗುಲಿಗೆ ಹೊರಳಿತು. ಕಾಮನ್ ರೇಲ್ ಎಂಬ ವ್ಯವಸ್ಥೆ ಆ ವರ್ಷ ಆಲ್ಫಾ ರೋಮಿಯೋ ಮತ್ತು ಮರ್ಸಿಡಿಸ್ ಕಾರುಗಳಲ್ಲಿ ಕಾಣಿಸಿಕೊಂಡಿತು. ಇದರಲ್ಲಿ ಒಂದು ಪಂಪು ಡೀಸೆಲ್ಲನ್ನು ಮಹಾ ಒತ್ತಡದಿಂದ ಒಂದು ಗಟ್ಟಿ ಕೊಳವೆಯಲ್ಲಿ ಸದಾ ತುಂಬಿಟ್ಟಿರುತ್ತದೆ. ಯಾವ ಕ್ಷಣದಲ್ಲಿ ಎಷ್ಟು ಹನಿಯನ್ನು ಒಳಕ್ಕೆ ಬಿಡಬೇಕೆಂಬುದನ್ನು ಕಂಪ್ಯೂಟರು ನಿರ್ಧರಿಸುತ್ತದೆ. ಒಂದೇ ಉರಿಗೆ ಬೇಕಾದ ಎಣ್ಣೆಯನ್ನು ಹಲವು ಕಂತುಗಳಲ್ಲಿ ಬಿಡುವುದರಿಂದ ಹಳೆಯ ಗಡಗಡ ಸದ್ದು ಅಡಗಿತು, ಹೊಗೆ ತಗ್ಗಿತು, ಓಟಕ್ಕೆ ಹುಮ್ಮಸ್ಸು ಬಂದಿತು. ವಿಲಾಸದ ಕಾರಿಗೆ ಡೀಸೆಲ್ ಒಪ್ಪುವಂತಾದದ್ದು ಹೀಗೆ.

ಈ ಒತ್ತಡವೆಂದರೆ ಎಷ್ಟೆಂಬುದನ್ನು ಸ್ವಲ್ಪ ಗಮನಿಸಿ. ಲಾರಿಯ ಟೈರಿಗೆ ಸುಮಾರು 110 ಪೌಂಡು ಗಾಳಿ ಹೊಡೆಸುತ್ತೇವೆ. ಈಚಿನ ಕಾರುಗಳ ಕೊಳವೆಯಲ್ಲಿ ಡೀಸೆಲ್ಲಿನ ಒತ್ತಡ 2000 ಬಾರ್, ಅಂದರೆ ಅದೇ ಲೆಕ್ಕದಲ್ಲಿ ಸುಮಾರು 29,000 ಪೌಂಡು. ಇಷ್ಟು ಒತ್ತಡವನ್ನು ಸೋರದಂತೆ ಹಿಡಿಯಬೇಕಾದರೆ ಪಂಪಿನ ಭಾಗಗಳ ನಡುವಿನ ಸಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲಿನಷ್ಟಿರಬೇಕು. ನಮ್ಮ ತಲೆಗೂದಲು ಅದಕ್ಕಿಂತ ಎಷ್ಟೋ ಪಾಲು ದಪ್ಪ. ನಮ್ಮ ಕಣ್ಣಿಗೆ ಶುದ್ಧವೆಂದು ತೋರುವ ಡೀಸೆಲ್ಲಿನಲ್ಲಿರುವ ಧೂಳು ಆ ಸಂದಿಗೆ ಬಂಡೆಗಲ್ಲಾಗುತ್ತದೆ.

ಇನ್ನೊಂದು ಮಾತಿದೆ. ಈ ಪಂಪುಗಳಲ್ಲಿ ಹಲವಕ್ಕೆ ಬೇರೆ ಎಣ್ಣೆಯ ಆಸರೆಯಿಲ್ಲ. ತಾನು ಒತ್ತುವ ಡೀಸೆಲ್ಲೇ ಅದರ ಮೈಗೆ ಸವರುವ ಎಣ್ಣೆ. ಡೀಸೆಲ್ಲಿನಲ್ಲಿ ನೀರು ಸೇರಿದರೆ ಆ ಜಾರುಗುಣ ಕೆಡುತ್ತದೆ. ಬಂಕಿನಲ್ಲಿ ಕೈತಪ್ಪಿ ಪೆಟ್ರೋಲು ಸುರಿದರೆ ಅದು ಜಿಡ್ಡನ್ನೇ ತೊಳೆದು ಹಾಕುತ್ತದೆ. ಗಾಳಿಯನ್ನು ಶುದ್ಧವಾಗಿಡಲು ನಮ್ಮ ದೇಶ ಡೀಸೆಲ್ಲಿನ ಗಂಧಕವನ್ನು ಹಂತ ಹಂತವಾಗಿ ಇಳಿಸಿತು. 2010ರ ಹೊತ್ತಿಗೆ ಹತ್ತು ಲಕ್ಷಕ್ಕೆ 350 ಪಾಲು, 2017ರಲ್ಲಿ 50, 2020ರ ಏಪ್ರಿಲಿನಿಂದ ಕೇವಲ 10. ಇದು ಸ್ವಾಗತಾರ್ಹವೇ. ಆದರೆ ಗಂಧಕವನ್ನು ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್ಲಿನ ಸಹಜವಾದ ಜಾರುಗುಣವೂ ಸ್ವಲ್ಪ ಹೊರಟುಹೋಗುತ್ತದೆ. ಆ ಕೊರತೆಯನ್ನು ಬೇರೆ ದ್ರವ್ಯ ಬೆರೆಸಿ ತುಂಬುತ್ತಾರೆ. ಸರಿಯಾದ ಬಂಕಿನ ಸರಿಯಾದ ಡೀಸೆಲ್ಲಿನಿಂದ ಭಯವಿಲ್ಲ. ಹಿತ್ತಲಿನ ಡ್ರಮ್ಮಿನಲ್ಲಿ ತಿಂಗಳುಗಟ್ಟಲೆ ಕೂಡಿಟ್ಟ ಡೀಸೆಲ್ಲು ಟ್ರ್ಯಾಕ್ಟರಿಗೆ ನಡೆದೀತು, ಈ ಕಾರಿಗೆ ನಡೆಯದು.

ಜಿಡ್ಡು ತಪ್ಪಿದ ಪಂಪು ತನ್ನನ್ನು ತಾನೇ ಅರೆಯತೊಡಗುತ್ತದೆ. ಅರೆದ ಲೋಹದ ಪುಡಿ ಡೀಸೆಲ್ಲಿನೊಡನೆ ಇಂಜೆಕ್ಟರುಗಳಿಗೆ ಹರಿಯುತ್ತದೆ. ಉಳಿದ ಡೀಸೆಲ್ಲು ಟ್ಯಾಂಕಿಗೆ ಮರಳುವಾಗ ಪುಡಿಯನ್ನು ಅಲ್ಲಿಗೂ ಒಯ್ಯುತ್ತದೆ. ಒಂದು ಹನಿ ಹುಳಿಯಿಂದ ಕೊಡದ ಹಾಲೆಲ್ಲ ಕೆಟ್ಟ ಹಾಗೆ. ಆಗ ಪಂಪನ್ನಷ್ಟೇ ಬದಲಿಸಿದರೆ ಟ್ಯಾಂಕಿನಲ್ಲಿ ಉಳಿದ ಪುಡಿ ಹೊಸ ಪಂಪನ್ನೂ ನುಂಗುತ್ತದೆ. ಪಂಪು, ಕೊಳವೆ, ಇಂಜೆಕ್ಟರು ಎಲ್ಲವನ್ನೂ ಬದಲಿಸಿ, ಟ್ಯಾಂಕನ್ನು ಇಳಿಸಿ ತೊಳೆಯಬೇಕು. ಹೊಸ ಇಂಜೆಕ್ಟರೊಂದರ ಗುರುತಿನ ಸಂಖ್ಯೆಯನ್ನು ಕಂಪ್ಯೂಟರಿಗೆ ತಿಳಿಸದಿದ್ದರೆ ಅದು ಸರಿಯಾಗಿ ದುಡಿಯುವುದೂ ಇಲ್ಲ. ಹಳೆಯ ಐಷಾರಾಮಿ ಕಾರಿಗೆ ಈ ಖರ್ಚು ಕೆಲವೊಮ್ಮೆ ಕಾರಿನ ಬೆಲೆಯನ್ನೇ ಮುಟ್ಟುತ್ತದೆ.

ಎರಡನೆಯ ಕಾಯಿಲೆ ಹೊಗೆಯ ದಾರಿಯದು. ಇಂದಿನ ಡೀಸೆಲ್ ಕಾರಿನಲ್ಲಿ ಮಸಿಯನ್ನು ಹಿಡಿದಿಡುವ ಜಾಲರಿಯೊಂದಿದೆ. ಹಿಡಿದ ಮಸಿಯನ್ನು ಅದು ಆಗಾಗ ಸುಮಾರು 600 ಡಿಗ್ರಿ ಶಾಖದಲ್ಲಿ ಸುಟ್ಟುಕೊಳ್ಳಬೇಕು. ಅದಕ್ಕೆ ಹೆದ್ದಾರಿಯ ಮೇಲೆ ತಡೆಯಿಲ್ಲದ ಓಟ ಬೇಕು. ನಮ್ಮಲ್ಲಿ ಈ ಕಾರು ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಎಪಿಎಂಸಿ ಯಾರ್ಡಿಗೆ, ಅಲ್ಲಿಂದ ಮನೆಗೆ ಓಡಾಡುತ್ತದೆ. ಎಂಜಿನ್ನು ಕಾಯುವ ಮೊದಲೇ ನಿಲ್ಲುತ್ತದೆ. ಮಸಿ ಸುಡಲೆಂದು ಕಂಪ್ಯೂಟರು ಹೆಚ್ಚುವರಿಯಾಗಿ ಬಿಟ್ಟ ಡೀಸೆಲ್ಲು ಅರ್ಧಕ್ಕೇ ನಿಂತ ಕೆಲಸದಿಂದ ಉರಿಯದೆ ಉಳಿದು, ಸಿಲಿಂಡರಿನ ಗೋಡೆಗುಂಟ ಜಾರಿ ಎಂಜಿನ್ ಆಯಿಲ್ಲಿಗೆ ಸೇರುತ್ತದೆ. ಆಯಿಲ್ಲು ತೆಳ್ಳಗಾಗುತ್ತದೆ, ಅದನ್ನೇ ನಂಬಿದ ಟರ್ಬೊ ಮತ್ತು ಬೇರಿಂಗುಗಳು ಸವೆಯುತ್ತವೆ. ಅಳೆಯುವ ಕಡ್ಡಿಯಲ್ಲಿ ಆಯಿಲ್ಲಿನ ಮಟ್ಟ ಏರಿರುವುದನ್ನು ಕಂಡು, ‘ಗಾಡಿ ಆಯಿಲ್ ತಿನ್ನುವುದೇ ಇಲ್ಲ’ ಎಂದು ಸಂತೋಷಪಡುವವರಿದ್ದಾರೆ. ಆ ಏರಿಕೆಯೇ ಅಪಾಯದ ಗುರುತು.

ಈಚಿನ ಅನೇಕ ಕಾರುಗಳಲ್ಲಿ ಯೂರಿಯಾ ದ್ರಾವಣದ ಟ್ಯಾಂಕೂ ಒಂದಿದೆ. ಹೊಗೆಯಲ್ಲಿನ ವಿಷವಾಯುವನ್ನು ಶಮನಗೊಳಿಸಲು ಅದು ಬೇಕು. ಯೂರಿಯಾ ಎಂಬ ಹೆಸರು ಕೇಳಿದೊಡನೆ ರೈತನ ಮನೆಯಲ್ಲಿ ಚೀಲವೇ ಇದೆಯಲ್ಲ ಎನಿಸುವುದು ಸಹಜ. ಆದರೆ ಕಾರಿನದು ಖನಿಜಾಂಶ ತೆಗೆದ ನೀರಿನಲ್ಲಿ ಶೇಕಡ 32.5ರಷ್ಟು ಶುದ್ಧ ಯೂರಿಯಾ ಬೆರೆತ ದ್ರಾವಣ. ಹೊಲದ ಯೂರಿಯಾಕ್ಕೆ 2015ರಿಂದ ಬೇವಿನೆಣ್ಣೆಯ ಲೇಪನ ಕಡ್ಡಾಯವಾಗಿದೆ. ಬೆಳೆಗೆ ಹಿತವಾದ ಆ ಬೇವು ಕಾರಿನ ಸೂಕ್ಷ್ಮ ನಳಿಕೆಗೆ ಹಿತವಲ್ಲ.

ಇಂಥ ಕಾರುಗಳು ನಮ್ಮ ಊರುಗಳಿಗೆ ಕಡಿಮೆ ಬೆಲೆಗೆ ಬರುವುದಕ್ಕೆ ಒಂದು ಹಿನ್ನೆಲೆಯುಂಟು. ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ದೆಹಲಿಯಲ್ಲಿ ಓಡಬಾರದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಆದೇಶಿಸಿತು. 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 2025ರಲ್ಲಿ ಅದರ ಬಿಗಿ ಸಡಿಲಾಯಿತಾದರೂ, ಆ ವೇಳೆಗೆ ಅಲ್ಲಿನ ಎಷ್ಟೋ ಕಾರುಗಳು ದೂರದ ರಾಜ್ಯಗಳ ಹಾದಿ ಹಿಡಿದಿದ್ದವು. ನನಗೆ ಪರಿಚಿತನಾದ ಬೀಜದ ವ್ಯಾಪಾರಿಯೊಬ್ಬ ಮಗನ ಮದುವೆಯ ಹೊತ್ತಿಗೆ ಅಂಥದೊಂದು ಕಾರನ್ನು ಕೊಂಡ. ಮೊದಲ ಮಳೆಗಾಲದಲ್ಲೇ ಫಿಲ್ಟರಿನಲ್ಲಿ ನೀರು ತುಂಬಿದ ಸೂಚನೆಯ ದೀಪ ಹೊತ್ತಿತು. ಸೆನ್ಸರ್ ಕೆಟ್ಟಿದೆ, ಓಡಿಸಿ ಎಂದು ಯಾರೋ ಹೇಳಿದರು, ಓಡಿಸಿದರು. ಒಂದು ದಿನ ಕಾರು ಹೆದ್ದಾರಿಯ ನಡುವೆ ನಿಂತಿತು. ದುರಸ್ತಿಯ ಅಂದಾಜು ಕೇಳಿದ ಆ ತಂದೆ, ‘ಸರ್, ಎರಡು ಎಕರೆ ಹೊಲದ ಬೀಜದ ದುಡ್ಡು ಇದರಾಗ ಹೋತ್ರಿ’ ಎಂದನು. ಆ ಮಾತಿನಲ್ಲಿ ಕೋಪವಿರಲಿಲ್ಲ. ಎತ್ತು ಸತ್ತ ಮನೆಯ ಧ್ವನಿ ಇತ್ತು.

ತಪ್ಪೆಲ್ಲ ಕೊಂಡವನದೇ ಎಂದು ನಾನು ಹೇಳಲಾರೆ. 2015ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯು ಹೊಗೆಯ ಪರೀಕ್ಷೆಯನ್ನು ವಂಚಿಸುವ ತಂತ್ರಾಂಶವನ್ನು ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಡೀಸೆಲ್ ಕಾರುಗಳಲ್ಲಿ ಇರಿಸಿದ್ದುದು ಬಯಲಾಯಿತು. 2018ರಲ್ಲಿ ಬಿಎಂಡಬ್ಲ್ಯು ಕಂಪನಿ, ಹೊಗೆಯನ್ನು ತಣಿಸುವ ಭಾಗದಲ್ಲಿ ಸೋರಿಕೆಯಾಗಿ ಬೆಂಕಿ ಹೊತ್ತುವ ಸಂಭವವಿದ್ದುದರಿಂದ, ಯುರೋಪಿನಲ್ಲಿಯೇ ಮೂರು ಲಕ್ಷಕ್ಕೂ ಹೆಚ್ಚು ಡೀಸೆಲ್ ಕಾರುಗಳನ್ನು ಹಿಂದಕ್ಕೆ ಕರೆಯಿತು. ದೊಡ್ಡ ಹೆಸರು ದೋಷಕ್ಕೆ ಹೊರತಲ್ಲ. ಆದುದರಿಂದ ಹಳೆಯ ಕಾರನ್ನು ಕೊಳ್ಳುವವನು ಅದನ್ನು ತಯಾರಕರು ಹಿಂದಕ್ಕೆ ಕರೆದಿದ್ದರೇ, ಕರೆದಿದ್ದರೆ ದೋಷ ತಿದ್ದಲಾಗಿದೆಯೇ ಎಂದು ಷಾಸಿ ಸಂಖ್ಯೆ ಹೇಳಿ ವಿಚಾರಿಸಬೇಕು. ಕೇಳುವುದು ಅವನ ಹಕ್ಕು.

ಹಣ ಹೋದರೆ ಮರಳಿ ಬಂದೀತು. ನನ್ನನ್ನು ಹೆಚ್ಚಾಗಿ ಕಾಡುವುದು ಗ್ಯಾರೇಜಿನ ಹುಡುಗರ ಕೈಗಳು. ಹಳೆಯ ಎಂಜಿನ್ನಿನಲ್ಲಿ ಯಾವ ಸಿಲಿಂಡರು ದುಡಿಯುತ್ತಿಲ್ಲವೆಂದು ತಿಳಿಯಲು, ಎಂಜಿನ್ನು ಓಡುತ್ತಿರುವಾಗಲೇ ಪಾನಾ ಹಿಡಿದು ಒಂದೊಂದಾಗಿ ನಾಝಲ್ ಪೈಪಿನ ನಟ್ಟನ್ನು ಸಡಿಲಿಸುತ್ತಿದ್ದರು. ಸಡಿಲಿಸಿದಾಗ ಸದ್ದು ಬದಲಾಗದಿದ್ದರೆ ಅದೇ ಕೆಟ್ಟ ಸಿಲಿಂಡರು. ಜಾಣತನದ ಪರೀಕ್ಷೆ ಅದು. ಗುರುಗಳಿಂದ ಶಿಷ್ಯರಿಗೆ ಬಂದದ್ದು. ಕಾಮನ್ ರೇಲ್ ಎಂಜಿನ್ನಿನಲ್ಲಿ ಇದನ್ನು ಎಂದಿಗೂ ಮಾಡಬಾರದು. ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ಲು ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಗಾಯ ಗುಂಡುಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ನೋವೂ ಮೊದಲಿಗೆ ಅಲ್ಪ. ಒಳಗೆ ಎಣ್ಣೆ ಮಾಂಸದ ಪದರಗಳ ನಡುವೆ ಹರಡುತ್ತಿರುತ್ತದೆ. ಅರಿಸಿನ ಹಚ್ಚಿ ಬಟ್ಟೆ ಸುತ್ತಿ ಮರುದಿನ ನೋಡೋಣವೆಂದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳಬೇಕಾದೀತು. ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ದು, ಏನಾಯಿತೆಂಬುದನ್ನು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು. ಗ್ಯಾರೇಜು ನಡೆಸುವ ಹಿರಿಯರು ಯಾರಾದರೂ ಈ ಮಾತು ಕೇಳುತ್ತಿದ್ದರೆ, ಇದೊಂದನ್ನು ನಿಮ್ಮ ಹುಡುಗರಿಗೆ ಇಂದೇ ಹೇಳಿರಿ.

ಉಳಿದ ಎಚ್ಚರಗಳು ಸುಲಭವಾದವು. ಡೀಸೆಲ್ ಫಿಲ್ಟರನ್ನು ತೊಳೆದು ಮತ್ತೆ ಹಾಕದೆ ಹೊತ್ತಿಗೆ ಸರಿಯಾಗಿ ಬದಲಿಸಬೇಕು. ಅದರ ಕೆಳಗೆ ಕೂಡಿದ ನೀರನ್ನು ತೆಗೆಯಬೇಕು. ಟ್ಯಾಂಕು ಬರಿದಾಗುವ ತನಕ ಓಡಿಸಬಾರದು. ಪೆಟ್ರೋಲು ತುಂಬಿದ್ದು ಗೊತ್ತಾದರೆ ಕೀಲಿಯನ್ನು ತಿರುವಲೇ ಬಾರದು; ಕಾರನ್ನು ದೂಡಿ ಬದಿಗೆ ನಿಲ್ಲಿಸಿ ಟ್ಯಾಂಕು ಖಾಲಿ ಮಾಡಿಸಬೇಕು. ತಯಾರಕರು ಸೂಚಿಸಿದ ದರ್ಜೆಯ ಆಯಿಲ್ಲನ್ನೇ ಹಾಕಬೇಕು. ದಿನವೂ ಎರಡು ಮೈಲಿಯ ಓಡಾಟವಷ್ಟೇ ಇರುವವರು ಡೀಸೆಲ್ ಕಾರಿನ ಆಸೆಯನ್ನು ಬಿಡುವುದೇ ಲೇಸು. ಎಲ್ಲಕ್ಕೂ ಮಿಗಿಲಾಗಿ, ಹೊತ್ತಿದ ದೀಪವನ್ನು ಅಲಕ್ಷಿಸಬಾರದು. ಹಳೆಯ ಎಂಜಿನ್ನು ಕೆಮ್ಮಿ, ಹೊಗೆಯುಗುಳಿ, ಕೂಗಿ ತನ್ನ ಸಂಕಟವನ್ನು ಹೇಳಿಕೊಳ್ಳುತ್ತಿತ್ತು. ಹೊಸದಕ್ಕೆ ಇರುವ ಬಾಯಿ ಆ ಪುಟ್ಟ ದೀಪ ಮಾತ್ರ.

ಹೊಲದ ಎಂಜಿನ್ನಿನ ಸದ್ದನ್ನು ಅರ್ಧ ಮೈಲಿ ದೂರದಿಂದ ಕೇಳಿಯೇ ಅದರ ರೋಗವನ್ನು ಹೇಳಬಲ್ಲವರು ನಮ್ಮಲ್ಲಿದ್ದರು. ಆ ವಿದ್ಯೆಯ ತಿರುಳು ಕಿವಿಯಲ್ಲಿರಲಿಲ್ಲ, ಯಂತ್ರದ ಮೇಲಿನ ಗಮನದಲ್ಲಿತ್ತು. ಕಿವಿಯ ಕೆಲಸ ಈಗ ಕಂಪ್ಯೂಟರಿಗೆ ಸಂದಿರಬಹುದು. ಗಮನದ ಕೆಲಸ ಮಾತ್ರ ನಮ್ಮ ಪಾಲಿಗೇ ಉಳಿದಿದೆ.