ಗೋಡೆಯ ಹಾವಸೆ, ಗಾಜಿನೊಳಗಿನ ಕಾಡು

(ಮಹಿಳಾ ವಿಭಾಗದ ಶ್ರಾವಣ ಮಾಸದ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಹಬ್ಬದ ಮಳಿಗೆಯಲ್ಲಿ ಈ ಸಲ ಚಕ್ಕುಲಿ, ಸಾಂಬಾರ್ ಪುಡಿಯ ಜೊತೆಗೆ ಟೆರೇರಿಯಂ, ಅಂದರೆ ಗಾಜಿನ ಬಾಟಲಿಯೊಳಗಿನ ಪುಟ್ಟ ತೋಟವನ್ನೂ ಮಾಡಿ ಇಡೋಣ ಎಂದು ಕಳೆದ ಸಭೆಯಲ್ಲಿ ಮಾತಾಯಿತು. ಬಾಟಲಿ ನಮ್ಮಲ್ಲಿದೆ, ಕಲ್ಲು, ಮಣ್ಣು ಸಿಗುತ್ತದೆ. ಹಸಿರು ಹಾಸಿಗೆ ಎಲ್ಲಿಂದ ತರುವುದು? ಚೀಲಕ್ಕಿಷ್ಟು ಎಂದು ಆನ್‌ಲೈನ್‌ನಲ್ಲಿ ಸಿಗುತ್ತದಲ್ಲ, ತರಿಸಿಬಿಡೋಣ ಎಂದು ಕೆಲವರು ಹೇಳಿದರು. ತರಿಸುವ ಬದಲು ನಾವೇ ಬೆಳೆಸೋಣ ಎಂದು ಕೇಳಿಕೊಳ್ಳಲು ನಾನಿಲ್ಲಿ ನಿಂತಿದ್ದೇನೆ.

ಮೊದಲು ಹೆಸರಿನ ವಿಚಾರ. ನಾವು ಎಲ್ಲವನ್ನೂ ‘ಪಾಚಿ’ ಎನ್ನುತ್ತೇವೆ. ಕೆರೆಯ ನೀರಿನ ಮೇಲೆ ಲೋಳೆಯಾಗಿ ತೇಲುವುದು ಬೇರೆ, ಗೋಡೆಯ ಮೇಲೆ ಮಖಮಲ್ಲಿನಂತೆ ಕೂರುವುದು ಬೇರೆ. ಈ ಎರಡನೆಯದನ್ನು ಹಾವಸೆ ಎನ್ನೋಣ. ಇದಕ್ಕೆ ಪುಟ್ಟ ಕಾಂಡವಿದೆ, ಎಲೆಯಿದೆ; ಆದರೆ ನಿಜವಾದ ಬೇರಿಲ್ಲ. ಬುಡದಲ್ಲಿರುವ ಕೂದಲಿನಂಥ ಎಳೆಗಳು ಹಿಡಿದುಕೊಳ್ಳಲಿಕ್ಕೆ ಮಾತ್ರ. ನೀರನ್ನು ಮೈಯಿಂದಲೇ ಕುಡಿಯುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಕಪ್ಪಗೆ ಸತ್ತಂತೆ ಕಾಣುವ ಗೋಡೆ ಮೊದಲ ಮಳೆಗೆ ಹಸಿರಾಗುವುದು. ಕರಾವಳಿ, ಮಲೆನಾಡಿನಿಂದ ಬಂದವರಿಗೆ ಇದನ್ನು ವಿವರಿಸಬೇಕಿಲ್ಲ. ಅಂಗಳ ಜಾರುತ್ತದೆಂದು ಅಡಿಕೆ ದಬ್ಬೆ ಹಾಸಿ ಅದರ ಮೇಲೆ ನಡೆದವರು ನಾವು.

ಈಗ ಚೀಲದ ಮಾತು. ಹಿಮಾಲಯದ ತಪ್ಪಲಿನ ಕಾಡುಗಳಲ್ಲಿ ಮರ, ಬಂಡೆಗಳ ಮೇಲಿನ ಹಾವಸೆಯನ್ನು ಕಿತ್ತು ಮೂಟೆಗಟ್ಟಿ ಮಾರುವುದು ಬಹಳ ಕಾಲದಿಂದ ನಡೆದಿದೆ. ಕಾಡಿನಲ್ಲಿ ಅದರ ಕೆಲಸ ಚೆಂದ ಕಾಣುವುದಷ್ಟೇ ಅಲ್ಲ. ಸುರಿದ ಮಳೆಯನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ, ಮಣ್ಣು ಕೊಚ್ಚಿಹೋಗದಂತೆ ತಡೆಯುತ್ತದೆ. ಸ್ಫ್ಯಾಗ್ನಮ್ ಎಂಬ ಜಾತಿ ತನ್ನ ಒಣತೂಕದ ಸುಮಾರು ಇಪ್ಪತ್ತು ಪಟ್ಟು ನೀರು ಹಿಡಿಯುತ್ತದೆ. ಮೊದಲ ಮಹಾಯುದ್ಧದಲ್ಲಿ ಹತ್ತಿಯ ಕೊರತೆಯಾದಾಗ ಗಾಯಕ್ಕೆ ಕಟ್ಟಲು ಅದನ್ನೇ ಬಳಸಿದ್ದರು. ನಮ್ಮ ಘಟ್ಟದ ಮರಗಳಲ್ಲಿ ಸೀತಾಳೆ ದಂಡೆ ಬೇರೂರುವುದೂ ಇಂಥ ತೇವದ ತೊಗಟೆಯ ಮೇಲೆಯೇ. ವರ್ಷಗಟ್ಟಲೆ ಬೆಳೆದ ಹಾಸನ್ನು ಕೀಳಲು ಒಂದು ನಿಮಿಷ ಸಾಕು. ಇದನ್ನು ಮನಗಂಡೇ ಉತ್ತರಾಖಂಡದ ಅರಣ್ಯ ಇಲಾಖೆ 2020ರಲ್ಲಿ ನೈನಿತಾಲ್ ಬಳಿಯ ಖುರ್ಪಾತಾಲ್‌ನಲ್ಲಿ ಹಾವಸೆಗಳಿಗೆಂದೇ ಒಂದು ತೋಟ ಮಾಡಿತು.

ಇನ್ನೊಂದು ಲೆಕ್ಕವೂ ಇದೆ. ತಂಪು ಬೆಟ್ಟದ ಹಾವಸೆ ನಮ್ಮ ಮುಂಬಯಿಯ ಸೆಕೆಯಲ್ಲಿ, ಅದೂ ಮುಚ್ಚಿದ ಗಾಜಿನೊಳಗೆ, ಬೇಗ ಹಳದಿಯಾಗುತ್ತದೆ. ಕೊಂಡವರು ಬಂದು ನಮ್ಮನ್ನು ಕೇಳುತ್ತಾರೆ. ನಮ್ಮ ಸೊಸೈಟಿಯ ಕಾಂಪೌಂಡ್ ಗೋಡೆಯದಾದರೋ ಇಲ್ಲಿಯ ಬಿಸಿಲು, ಮಳೆ ಎರಡನ್ನೂ ಕಂಡದ್ದು.

ಹಾಗಾದರೆ ಗೋಡೆಯಿಂದಲೇ ಕಿತ್ತರಾಯಿತಲ್ಲ? ಸ್ವಲ್ಪ ಕಿತ್ತು, ಪುಡಿಮಾಡಿ ಹರಡಿದರೂ ಬೆಳೆಯುತ್ತದೆ, ಅದು ಬೇಗವೂ ಹೌದು. ಆದರೆ ಅದರೊಂದಿಗೆ ಹುಳ, ಬೂಸ್ಟು, ಕಳೆಬೀಜ ಎಲ್ಲವೂ ಬಾಟಲಿಗೆ ಬರುತ್ತವೆ. ಬೀಜಕದಿಂದ ಬೆಳೆಸಿದರೆ ಶುದ್ಧವಾದ ಹಾಸು ಸಿಗುತ್ತದೆ, ಗೋಡೆಯದು ಗೋಡೆಯಲ್ಲೇ ಉಳಿಯುತ್ತದೆ.

ಬೀಜಕ ಎಂದರೆ ಬೀಜವಲ್ಲ. ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಿಂದ ಐವತ್ತನೇ ಒಂದು ಭಾಗದಷ್ಟಿರುವ ಧೂಳು. ಹಾವಸೆಯಲ್ಲಿ ಗಂಡು ಕಣ ಹೆಣ್ಣನ್ನು ಸೇರಬೇಕಾದರೆ ನೀರಿನ ಪದರದಲ್ಲಿ ಈಜಿಕೊಂಡೇ ಹೋಗಬೇಕು. ಮಳೆಗಾಲ ಅದಕ್ಕೇ ಬೇಕು. ಆಮೇಲೆ ಹಾಸಿನಿಂದ ಕೂದಲಿನಂಥ ದಂಟು ಏಳುತ್ತದೆ. ಅದರ ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ, ಮುಚ್ಚಳವಿರುವ ಕುಡಿಕೆ. ಬೀಜಕಗಳು ಅದರೊಳಗೆ. ಎಲ್ಲ ಹಾಸಿನಲ್ಲೂ ಇದು ಬರುವುದಿಲ್ಲ, ಹುಡುಕಬೇಕು. ಈಗಿನಿಂದ ದಸರೆಯವರೆಗೆ ಬೆಳಗಿನ ವಾಕಿಂಗ್‌ನಲ್ಲಿ ಗೋಡೆಗಳನ್ನು ನೋಡುತ್ತಿರಿ. ಕಾರ್ಯದರ್ಶಿಗೆ ಒಂದು ಮಾತು ಹೇಳಿಡಿ, ಸುಣ್ಣ ಬಣ್ಣದವರು ಕೆರೆದುಹಾಕುವ ಮೊದಲು.

ಕುಡಿಕೆ ಹಸಿರು ಬಿಟ್ಟು ಕಂದು ಬಣ್ಣಕ್ಕೆ ತಿರುಗಿ, ಮುಚ್ಚಳ ಇನ್ನೂ ಬಿದ್ದಿಲ್ಲದಾಗ ದಂಟಿನ ಸಮೇತ ಕತ್ತರಿಸಿ. ಹತ್ತಿಪ್ಪತ್ತು ಸಾಕು. ಕಾಗದದ ಪೊಟ್ಟಣದಲ್ಲಿಟ್ಟು ಎರಡು ಮೂರು ದಿನ ಒಣಗಿಸಿ. ಪ್ಲಾಸ್ಟಿಕ್ ಬೇಡ, ಬೂಸ್ಟು ಹಿಡಿಯುತ್ತದೆ.

ಬಿತ್ತುವ ಪಾತ್ರೆಗೆ ಹೋಟೆಲಿನಿಂದ ಊಟ ಬಂದ ಪಾರದರ್ಶಕ ಡಬ್ಬಿಯೇ ಸಾಕು. ತೊಳೆದ ಕೊಕೊಪೀಟ್, ಜರಡಿ ಹಿಡಿದ ಕೆಂಪು ಮಣ್ಣು, ಸ್ವಲ್ಪ ಮರಳು ಬೆರೆಸಿ, ತೇವ ಮಾಡಿ, ಹಳೆಯ ಪಾತ್ರೆಯಲ್ಲಿ ಇಡ್ಲಿಯಂತೆ ಅರ್ಧ ಗಂಟೆ ಹಬೆಯಲ್ಲಿ ಬೇಯಿಸಿ. ಪೂರ್ತಿ ಆರಿದ ಮೇಲೆ ಎರಡು ಬೆರಳಿನಷ್ಟು ದಪ್ಪ ಹರಡಿ ಸಮ ಮಾಡಿ. ಗೊಬ್ಬರ ಖಂಡಿತ ಬೇಡ. ಗೊಬ್ಬರಕ್ಕೆ ಮೊದಲು ಬರುವುದು ಲೋಳೆ ಪಾಚಿ. ಮಜ್ಜಿಗೆ ಬಳಿದರೆ ಹಾವಸೆ ಬರುತ್ತದೆಂಬ ವಿಡಿಯೊ ನೀವೂ ನೋಡಿರಬಹುದು. ಮುಚ್ಚಿದ ಡಬ್ಬಿಯಲ್ಲಿ ಮಜ್ಜಿಗೆಗೆ ಬರುವುದು ಬೂಸ್ಟು ಮತ್ತು ವಾಸನೆ. ಮಜ್ಜಿಗೆಯನ್ನು ನಾವು ಕುಡಿಯೋಣ.

ಬಿಳಿ ಕಾಗದದ ಮೇಲೆ ಕುಡಿಕೆಗಳನ್ನು ಚಮಚದ ಹಿಂಬದಿಯಿಂದ ಒತ್ತಿ. ಧೂಳನ್ನು ಕುದಿಸಿ ಆರಿಸಿದ ಅರ್ಧ ಲೋಟ ನೀರಿಗೆ ಹಾಕಿ, ಕಲಕಿ, ಮಣ್ಣಿನ ಮೇಲೆ ಸಮವಾಗಿ ಚಿಮುಕಿಸಿ. ಮೇಲೆ ಮಣ್ಣು ಮುಚ್ಚಬೇಡಿ, ಮೊಳೆಯಲು ಬೆಳಕು ಬೇಕು. ನೀರು ಮಳೆಯದಾದರೆ ಉತ್ತಮ, ಇಲ್ಲದಿದ್ದರೆ ಆರ್‌ಓ ನೀರು. ಚೆನ್ನೈ, ಹೈದರಾಬಾದಿನ ಗೆಳತಿಯರು ಬೋರ್‌ವೆಲ್ಲಿನ ಗಡಸು ನೀರು ಹಾಕದಿರಿ. ಮುಚ್ಚಳ ಹಾಕಿ, ನೇರ ಬಿಸಿಲು ಬೀಳದ ಕಿಟಕಿಯ ಬಳಿ ಇಡಿ. ಬಿಸಿಲು ಬಿದ್ದರೆ ಡಬ್ಬಿ ಕುಕ್ಕರ್ ಆಗುತ್ತದೆ. ಪಕ್ಕದಲ್ಲಿ ಏನೂ ಬಿತ್ತದ ಇನ್ನೊಂದು ಡಬ್ಬಿಯನ್ನೂ ಇಡಿ. ಹಸಿರು ಎರಡರಲ್ಲೂ ಬಂದರೆ ಅದು ನಾವು ಬಿತ್ತಿದ್ದಲ್ಲ, ಮಣ್ಣಿನಿಂದಲೋ ಗಾಳಿಯಿಂದಲೋ ಬಂದದ್ದು ಎಂದು ತಿಳಿಯುತ್ತದೆ.

ಮುಂದಿನ ಹಂತದಲ್ಲಿಯೇ ಹೆಚ್ಚಿನವರು ಕೈಬಿಡುವುದು. ಎರಡು ಮೂರು ವಾರಕ್ಕೆ ಮಣ್ಣಿನ ಮೇಲೆ ಹಸಿರು ಬಲೆ ಕಾಣುತ್ತದೆ. ‘ಅಯ್ಯೋ, ಪಾಚಿ ಕಟ್ಟಿತು’ ಎಂದು ಎಸೆಯಬೇಡಿ. ಬೀಜಕ ನೇರವಾಗಿ ಗಿಡವಾಗುವುದಿಲ್ಲ. ಮೊದಲು ಕವಲೊಡೆಯುವ ಹಸಿರು ನೂಲಾಗುತ್ತದೆ. ಭೂತಗನ್ನಡಿಯಲ್ಲಿ ನೋಡಿ: ಲೋಳೆಯಂತೆ ಹೊಳೆದರೆ ಪಾಚಿ, ನೂಲಿನಂತೆ ಹೆಣೆದುಕೊಂಡಿದ್ದರೆ ನಮ್ಮದು. ಆ ನೂಲಿನ ಮೇಲೆ ಮೊಗ್ಗುಗಳು ಕಟ್ಟಿ, ಒಂದೆರಡು ತಿಂಗಳಲ್ಲಿ ಪುಟ್ಟ ನಕ್ಷತ್ರಗಳಂತೆ ಎಲೆಗಳು ಏಳುತ್ತವೆ. ನಡುವೆ ಬಿಳಿ ಹತ್ತಿಯಂಥ ಬೂಸ್ಟು ಕಂಡರೆ ಆ ಜಾಗವನ್ನಷ್ಟೇ ಚಮಚದಿಂದ ತೆಗೆದು, ದಿನಕ್ಕೆ ಅರ್ಧ ಗಂಟೆ ಮುಚ್ಚಳ ತೆರೆದಿಡಿ. ಎಲೆ ಬಂದ ಮೇಲೆ ಮುಚ್ಚಳವನ್ನು ಸ್ವಲ್ಪ ಸ್ವಲ್ಪ ಸಡಿಲಿಸುತ್ತ ಹೊರಗಿನ ಗಾಳಿಗೆ ಒಗ್ಗಿಸಿ.

ದಸರೆಗೆ ಬಿತ್ತಿದರೆ ಮುಂಬಯಿಯ ಅಷ್ಟಿಷ್ಟು ಚಳಿ ಅದಕ್ಕೆ ಅನುಕೂಲ; ಯುಗಾದಿಯ ಹೊತ್ತಿಗೆ ಅಂಗೈಯಗಲದ ಹಾಸನ್ನು ನಿರೀಕ್ಷಿಸಬಹುದು. ಬಾಟಲಿಯ ತಳಕ್ಕೆ ಬೆಣಚುಕಲ್ಲು, ಮೇಲೆ ಇದ್ದಿಲು, ಮಣ್ಣು, ಅದರ ಮೇಲೆ ಈ ಹಾಸನ್ನು ಬೆರಳಿನಿಂದ ಒತ್ತಿ ಕೂರಿಸಿ. ಬೆಳಿಗ್ಗೆ ಗಾಜಿಗೆ ಮಂಜು ಕಟ್ಟಿ ಮಧ್ಯಾಹ್ನಕ್ಕೆ ಆರಿದರೆ ನೀರು ಸರಿಯಾಗಿದೆ. ದಿನವಿಡೀ ಹನಿ ಇಳಿಯುತ್ತಿದ್ದರೆ ಮುಚ್ಚಳ ತೆರೆಯಿರಿ.

ಈ ಬಾಟಲಿ ತೋಟವೂ ನಮ್ಮಂಥ ಊರಿನಲ್ಲೇ ಹುಟ್ಟಿದ್ದು. ಲಂಡನ್ನಿನ ಹೊಗೆಯಲ್ಲಿ ನಥಾನಿಯಲ್ ವಾರ್ಡ್ ಎಂಬ ವೈದ್ಯನ ಜರೀಗಿಡಗಳು ಉಳಿಯುತ್ತಿರಲಿಲ್ಲ. 1829ರ ಸುಮಾರಿಗೆ ಪತಂಗದ ಕೋಶವನ್ನು ಮಣ್ಣಿನೊಂದಿಗೆ ಬಾಟಲಿಯಲ್ಲಿ ಮುಚ್ಚಿಟ್ಟಾಗ, ಆ ಮಣ್ಣಿನಲ್ಲಿ ಜರೀಗಿಡ, ಹುಲ್ಲು ತಾವಾಗಿ ಮೊಳೆತವು. ಜರೀಗಿಡವೂ ಬೀಜಕದಿಂದಲೇ ಬರುವಂಥದ್ದು. 1833ರಲ್ಲಿ ಆತ ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳನ್ನು ಸಿಡ್ನಿಗೆ ಕಳುಹಿಸಿದ, ಅವು ಬದುಕಿ ತಲುಪಿದವು. ಚೀನಾದ ಚಹಾ ಗಿಡಗಳು ಹಿಮಾಲಯದ ತಪ್ಪಲಿಗೆ ಬಂದದ್ದೂ ಅಂಥ ಪೆಟ್ಟಿಗೆಗಳಲ್ಲೇ.

ನನ್ನ ಕೋರಿಕೆ ಇಷ್ಟೆ. ಈ ನವೆಂಬರಿನ ಮಳಿಗೆಗೆ ಹಾವಸೆಯಿಲ್ಲದೆ, ಕಲ್ಲು ಮತ್ತು ಸಣ್ಣ ಗಿಡಗಳ ಬಾಟಲಿ ಮಾಡೋಣ. ಚೀಲ ತರಿಸುವುದು ಬೇಡ. ಹತ್ತು ಮನೆಯವರು ಎರಡೆರಡು ಡಬ್ಬಿ ಇಟ್ಟುಕೊಂಡರೆ ಮುಂದಿನ ವರ್ಷ ‘ಇದು ಕಾಡಿನದಲ್ಲ, ನಾವೇ ಬೆಳೆಸಿದ್ದು’ ಎಂದು ಚೀಟಿ ಬರೆದು ಅಂಟಿಸಬಹುದು. ಡಬ್ಬಿ ಇಡಲು ಒಪ್ಪುವವರು ಚಹಾ ವಿರಾಮದಲ್ಲಿ ಹೆಸರು ಕೊಡಿ. ತೋರಿಸಲೆಂದು ಒಂದು ಕುಡಿಕೆ ಮತ್ತು ಭೂತಗನ್ನಡಿ ತಂದಿದ್ದೇನೆ, ಎಲ್ಲರೂ ಒಮ್ಮೆ ನೋಡಿ.