ಉಳಿಸಿದ ಯೂನಿಟ್ ಯಾರ ಪಾಲಿಗೆ?



1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂತು. ಆಮೇಲೆ ಶರಾವತಿ, ಕಾಳಿ, ರಾಯಚೂರು. ನಮ್ಮ ವಿದ್ಯುತ್ತಿನ ಚರಿತ್ರೆಯನ್ನು ಅಣೆಕಟ್ಟು, ಮೆಗಾವ್ಯಾಟ್‌ಗಳಲ್ಲೇ ಹೇಳುತ್ತ ಬಂದಿದ್ದೇವೆ. ಆ ವಿದ್ಯುತ್ತು ಮನೆಯೊಳಗೆ, ಹೊಲದೊಳಗೆ ಬಂದ ಮೇಲೆ ಏನಾಯಿತು ಎಂಬ ಚರಿತ್ರೆ ಬೇರೆಯೇ ಇದೆ. ಇಂದು ಅದರ ಮಾತು.

ವಿದ್ಯುತ್ತನ್ನು ಬಳಕೆಯ ಕಡೆಯಿಂದ ನೋಡುವುದನ್ನು ನಾಡಿಗೆ ಕಲಿಸಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿಯವರು. 1974ರಲ್ಲಿ ಅವರ ಮುಂದಾಳತ್ವದಲ್ಲಿ ಶುರುವಾದ ಗ್ರಾಮೀಣ ತಂತ್ರಜ್ಞಾನ ಕೇಂದ್ರ ‘ಅಸ್ತ್ರ’ದಿಂದಲೇ ಸೌದೆ ಉಳಿಸುವ ಅಸ್ತ್ರ ಒಲೆ ಹಳ್ಳಿಗಳಿಗೆ ಬಂದದ್ದು. ಎಂಬತ್ತರ ದಶಕದ ಕೊನೆಗೆ ಸರ್ಕಾರದ ಸಮಿತಿಯೊಂದು ರಾಜ್ಯಕ್ಕೆ ಮುಂದೆ ಬೇಕಾಗುವ ವಿದ್ಯುತ್ತಿನ ದೊಡ್ಡ ಲೆಕ್ಕ ಕೊಟ್ಟಿತ್ತು. ರೆಡ್ಡಿಯವರ ತಂಡ ಅದೇ ಲೆಕ್ಕವನ್ನು ಬಳಸುವವರ ತುದಿಯಿಂದ ಹಾಕಿತು. ಜನಕ್ಕೆ ಬೇಕಾದದ್ದು ಬೆಳಕು, ಬಿಸಿನೀರು, ಹೊಲಕ್ಕೆ ನೀರು. ಒಳ್ಳೆಯ ದೀಪ, ಸೋಲಾರ್ ಹೀಟರ್, ಸರಿಯಾದ ಪಂಪು ಕೊಟ್ಟರೆ ಸಮಿತಿ ಕೇಳಿದ್ದರ ಅರ್ಧಕ್ಕಿಂತ ಕಡಿಮೆ ವಿದ್ಯುತ್ ಸಾಕು ಎಂದು ತೋರಿಸಿತು. ಕರ್ನಾಟಕದ ಇಂಧನ ಚಿಂತನೆಯಲ್ಲಿ ಇದಕ್ಕಿಂತ ದೊಡ್ಡ ಕೆಲಸವನ್ನು ನಾನು ಕಂಡಿಲ್ಲ.

ಬಿಸಿನೀರನ್ನೇ ತೆಗೆದುಕೊಳ್ಳಿ. ಬಚ್ಚಲೊಲೆಯ ಹಂಡೆ ಹೋಗಿ ಗೀಸರ್ ಬಂತು. 2007ರಲ್ಲಿ ಬೆಂಗಳೂರಿನ ವಿದ್ಯುತ್ ಕಂಪನಿ ಬೆಸ್ಕಾಂ ಹೊಸ ಮನೆಗಳಿಗೆ ಸೋಲಾರ್ ಹೀಟರ್ ಕಡ್ಡಾಯ ಮಾಡಿತು. ಹಾಕಿಸಿದವರ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ. ಮೊತ್ತ ಸಣ್ಣದು, ಆದರೆ ಬಿಲ್ಲಿನ ಮೇಲೆ ಪ್ರತಿ ತಿಂಗಳೂ ಕಣ್ಣಿಗೆ ಬೀಳುತ್ತಿತ್ತು. ಬೆಂಗಳೂರಿನ ತಾರಸಿಗಳು ಸೋಲಾರ್ ಟ್ಯಾಂಕುಗಳಿಂದ ತುಂಬಿದವು. ಅಪಾರ್ಟ್‌ಮೆಂಟುಗಳು ಎದ್ದ ಮೇಲೆ ಕಥೆ ತಿರುಗಿತು. ಅಲ್ಲಿ ತಾರಸಿ ಎಲ್ಲರದು. ಕೆಳಗಿನ ಮಹಡಿಯವರು ನಲ್ಲಿ ತಿರುಗಿಸಿದರೆ ಉದ್ದದ ಪೈಪಿನಲ್ಲಿ ನಿಂತ ತಣ್ಣೀರು ಮೊದಲು ಬಕೆಟ್ ತುಂಬಬೇಕು, ಬಿಸಿನೀರು ಆಮೇಲೆ. ಅಷ್ಟು ಹೊತ್ತು ಕಾಯಲಾರದೆ ಜನ ಗೀಸರ್ ಸ್ವಿಚ್ಚಿಗೇ ಕೈ ಹಾಕಿದರು. ನಿಯಮ ಬರೆದವರು ಪೈಪಿನ ಉದ್ದವನ್ನೂ ಯೋಚಿಸಬೇಕಿತ್ತು.

ಬಲ್ಬಿನ ಕಥೆ ಎಲ್ಲರಿಗೂ ಗೊತ್ತು. 60 ವ್ಯಾಟ್‌ನ ಬುರುಡೆ ದೀಪದ ಜಾಗಕ್ಕೆ ಸಿಎಫ್‌ಎಲ್, ಅದರ ಜಾಗಕ್ಕೆ 9 ವ್ಯಾಟ್‌ನ ಎಲ್‌ಇಡಿ. ಕೇಂದ್ರ ಸರ್ಕಾರ 2015ರಲ್ಲಿ ಉಜಾಲಾ ಯೋಜನೆ ಆರಂಭಿಸಿ ಬಲ್ಬುಗಳನ್ನು ಒಟ್ಟಿಗೆ ಕೊಂಡಿದ್ದರಿಂದ ಸುಮಾರು 310 ರೂಪಾಯಿಯ ಬಲ್ಬಿನ ಖರೀದಿ ಬೆಲೆ 38ಕ್ಕೆ ಇಳಿಯಿತು. ಉಳಿತಾಯದಿಂದ ಕೆಲಸ ಅಗ್ಗವಾದೊಡನೆ ಬಳಕೆ ಹಬ್ಬುತ್ತದೆ ಎಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ ಕಲ್ಲಿದ್ದಲಿನ ವಿಚಾರದಲ್ಲಿ 1865ರಲ್ಲೇ ಎಚ್ಚರಿಸಿದ್ದ. ಹೌದು, ಒಂದು ಬಲ್ಬಿದ್ದ ಮನೆಯಲ್ಲಿ ಈಗ ಅಡುಗೆಮನೆಗೊಂದು, ಕೊಟ್ಟಿಗೆಗೊಂದು ಇದೆ. ಇದನ್ನು ಪೋಲು ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಕೊಟ್ಟಿಗೆಯ ಕತ್ತಲಲ್ಲಿ ಹಾಲು ಕರೆಯುತ್ತಿದ್ದವರಿಗೆ ಆ ಬೆಳಕು ಎಂದೋ ಸಲ್ಲಬೇಕಿತ್ತು.

ನನ್ನನ್ನು ಹೆಚ್ಚು ಕಾಡುವುದು ಪಂಪ್‌ಸೆಟ್ಟು. ರಾಜ್ಯದ ವಿದ್ಯುತ್ ಬಳಕೆಯಲ್ಲಿ ಸುಮಾರು ಮೂರನೇ ಒಂದು ಭಾಗ ಅದರದ್ದು. 10 ಎಚ್‌ಪಿವರೆಗೆ ರೈತರು ದುಡ್ಡು ಕೊಡಬೇಕಿಲ್ಲ. ಹೆಚ್ಚಿನವಕ್ಕೆ ಮೀಟರೂ ಇಲ್ಲ. ಥ್ರೀ ಫೇಸ್ ಎಷ್ಟೋ ಸಲ ನಡುರಾತ್ರಿ ಬರುತ್ತದೆ. ಎದ್ದು ಹೋಗುವುದು ಹೇಗೆ, ಹಾವು, ಚಿರತೆ, ಆನೆ ಯಾವುದಾದರೂ ಇರಬಹುದು. ಅದಕ್ಕೇ ಆಟೋ ಸ್ಟಾರ್ಟರ್. ಕರೆಂಟ್ ಬಂದ ಕ್ಷಣ ಒಂದೇ ಟ್ರಾನ್ಸ್‌ಫಾರ್ಮರಿಗೆ ಸೇರಿದ ಮೋಟರುಗಳೆಲ್ಲ ಒಟ್ಟಿಗೆ ಏಳುತ್ತವೆ, ವೋಲ್ಟೇಜು ಕುಸಿಯುತ್ತದೆ, ಯಾರದೋ ಮೋಟರು ಸುಡುತ್ತದೆ. ವೈಂಡಿಂಗ್ ಅಂಗಡಿಯಲ್ಲಿ ಸುಟ್ಟ ತಂತಿ ಕಿತ್ತು ಹೊಸದು ಸುತ್ತುತ್ತಾರೆ. ಪೈರು ಒಣಗುತ್ತಿರುವಾಗ ಕೆಲಸ ಅವಸರದ್ದು. ಹೀಗೆ ಮತ್ತೆ ಮತ್ತೆ ಸುತ್ತಿಸಿಕೊಂಡ ಮೋಟರು ಮೊದಲಿನಷ್ಟು ನೀರೆತ್ತಲು ಹೆಚ್ಚು ಕರೆಂಟ್ ತಿನ್ನುತ್ತದೆ. ಅಂಥ ರೈತನ ಮುಂದೆ ಫೈವ್ ಸ್ಟಾರ್ ಪಂಪು ಇಟ್ಟರೆ ಅವನು ಕೇಳುವುದು ಎರಡೇ ಮಾತು: ಲೋ ವೋಲ್ಟೇಜ್ ತಡೆಯುತ್ತದೆಯೇ, ನಮ್ಮೂರಲ್ಲಿ ರಿಪೇರಿ ಆಗುತ್ತದೆಯೇ? ಅವನ ಪ್ರಶ್ನೆ ನ್ಯಾಯವಾದದ್ದು. ಯೂನಿಟ್ ಉಳಿದರೆ ಲಾಭ ಸರ್ಕಾರಕ್ಕೆ, ಮೋಟರು ಸುಟ್ಟರೆ ನಷ್ಟ ಅವನಿಗೆ. ಕೊಳವೆಬಾವಿಯ ನೀರು ಪ್ರತಿ ವರ್ಷ ಕೆಳಗಿಳಿದರೆ ಎಷ್ಟು ಒಳ್ಳೆಯ ಪಂಪಾದರೂ ಹೆಚ್ಚು ವಿದ್ಯುತ್ ಬೇಡಿಯೇ ಬೇಡುತ್ತದೆ.

ಉಳಿಸಿದ್ದರ ಲಾಭ ರೈತನಿಗೂ ಸಿಗಲೆಂದು ಪಂಜಾಬಿನಲ್ಲಿ 2018ರಲ್ಲಿ ಒಂದು ಪ್ರಯೋಗ ಆರಂಭಿಸಿದರು. ಉಚಿತ ವಿದ್ಯುತ್ತನ್ನು ಕಿತ್ತುಕೊಳ್ಳಲಿಲ್ಲ. ಪ್ರತಿ ಪಂಪಿಗೆ ಇಷ್ಟು ಯೂನಿಟ್ ಎಂದು ಗೊತ್ತುಮಾಡಿ, ಅದರಲ್ಲಿ ಉಳಿಸಿದ ಪ್ರತಿ ಯೂನಿಟ್ಟಿಗೆ ರೈತನಿಗೆ 4 ರೂಪಾಯಿ ಕೊಡುವ ಏರ್ಪಾಡು. ಒಪ್ಪಿದವರು ಮಾತ್ರ ಸೇರುವುದು. ಮೀಟರು ಎಂದರೆ ಬಿಲ್ಲು ಎಂಬ ಭಯ ಇಲ್ಲಿ ತಿರುಗಿ, ಮೀಟರು ಎಂದರೆ ಬರುವ ದುಡ್ಡು ಎಂದಾಗುತ್ತದೆ.

ನಮ್ಮ ಗೃಹಜ್ಯೋತಿಗೂ ಇದು ಹೊಂದುತ್ತದೆ. 2023ರಲ್ಲಿ ಯೋಜನೆ ಬಂದಾಗ ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ. 10 ಸೇರಿಸಿ, 200 ಯೂನಿಟ್ ಮೀರದಂತೆ ಉಚಿತ ಮಿತಿ ಕಟ್ಟಿದರು. ಎಷ್ಟೋ ಮನೆಗಳ ಭಾರ ಇಳಿಸಿದ ಯೋಜನೆ ಅದು, ಉಳಿಯಬೇಕು. ಆದರೆ ಮಿತಿಯೊಳಗೆ ಕಡಿಮೆ ಬಳಸಿದವರಿಗೆ ಏನೂ ಸಿಗದು. 75 ವ್ಯಾಟ್‌ನ ಹಳೆಯ ಫ್ಯಾನ್ ತೆಗೆದು 30 ವ್ಯಾಟ್‌ನ ಬಿಎಲ್‌ಡಿಸಿ ಹಾಕಿಸಿದರೆ, ದಿನಕ್ಕೆ 10 ಗಂಟೆಯ ಲೆಕ್ಕದಲ್ಲಿ ತಿಂಗಳಿಗೆ 13 ಯೂನಿಟ್ಟಿಗೂ ಹೆಚ್ಚು ಉಳಿತಾಯ. ಬಿಲ್ಲೇ ಸೊನ್ನೆ ಇರುವಾಗ ಗೃಹಿಣಿ ಯಾಕೆ ದುಬಾರಿ ಫ್ಯಾನ್ ಕೊಳ್ಳುತ್ತಾಳೆ? ಉಳಿದ ಯೂನಿಟ್ಟಿನ ಒಂದು ಪಾಲನ್ನು ದುಡ್ಡಾಗಿ ಅವಳ ಖಾತೆಗೆ ಹಾಕಲಿ, ಅಥವಾ ವಿದ್ಯುತ್ ಕಂಪನಿಯೇ ಫ್ಯಾನ್ ಕೊಟ್ಟು ಉಳಿದ ಸಬ್ಸಿಡಿಯಲ್ಲಿ ಅದರ ಬೆಲೆ ತೀರಿಸಿಕೊಳ್ಳಲಿ. ಮನೆಗಳಿಗೆ ಮೀಟರು ಹೇಗೂ ಇದೆ. ಮೊದಲು ಒಂದು ತಾಲ್ಲೂಕಿನಲ್ಲಿ ಮಾಡಿ ನೋಡಬಹುದು.