ಹಳೆಯ ನಾಣ್ಯಗಳ ಮೈಗಾಯವೂ ಬೆಲೆಯೂ

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ—ಈ ಸೀಮೆಯ ಹಳೆಯ ಮನೆತನಗಳಲ್ಲಿ ದೇವರ ಪೆಟ್ಟಿಗೆಯೊಳಗೆ ನಾಲ್ಕಾರು ಹಳೆಯ ನಾಣ್ಯಗಳಿರುವುದು ಅಪೂರ್ವವೇನಲ್ಲ. ಟಿಪ್ಪು ಸುಲ್ತಾನನ ಆನೆಕಾಸು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸು, ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ, ಇವು ವರಮಹಾಲಕ್ಷ್ಮಿಯ ವ್ರತದ ದಿನ ಹೊರಗೆ ಬರುತ್ತವೆ. ಹುಣಸೆಹಣ್ಣಿನಿಂದ ಉಜ್ಜಿಸಿಕೊಂಡು ಥಳಥಳಿಸುತ್ತ ಕಲಶದ ಮುಂದೆ ಕುಳಿತುಕೊಳ್ಳುತ್ತವೆ. ಭಕ್ತಿಯ ದೃಷ್ಟಿಯಿಂದ ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಆದರೆ ಆ ನಾಣ್ಯಗಳನ್ನು ಮುಂದೊಂದು ದಿನ ಬೆಲೆಕಟ್ಟಿಸಲು ಹೊರಟವರಿಗೆ ನಿರಾಶೆ ಕಾದಿರುತ್ತದೆ. ಏಕೆಂಬುದನ್ನು ಈ ಹೊತ್ತು ವಿಚಾರಮಾಡೋಣ.

ನಾಣ್ಯವು ಚಲಾವಣೆಯಲ್ಲಿದ್ದ ಕಾಲದಲ್ಲಿ ಅದರ ಬೆಲೆಯನ್ನು ತಕ್ಕಡಿ ನಿರ್ಣಯಿಸುತ್ತಿತ್ತು. ಸವೆದ ರೂಪಾಯಿಗೆ ಶರಾಫರು ವಟ್ಟ ಹಿಡಿಯುತ್ತಿದ್ದರು. ಬೆಳ್ಳಿ ಒಳಗೂ ಶುದ್ಧವೇ ಎಂದು ತಿಳಿಯಲು ಅದರ ಮೇಲೆ ಸಣ್ಣ ಅಚ್ಚನ್ನೊತ್ತಿ ಪರೀಕ್ಷಿಸುತ್ತಿದ್ದರು. ಸಂಗ್ರಾಹಕನ ಕೈಗೆ ಬಂದ ಮೇಲೆ ನ್ಯಾಯಸ್ಥಾನ ಬದಲಾಗುತ್ತದೆ. ಅವನು ತೂಕವನ್ನೂ ನೋಡುತ್ತಾನೆ, ನಿಜ. ಆದರೆ ಹೆಚ್ಚಾಗಿ ನೋಡುವುದು ನಾಣ್ಯದ ಮೈಯನ್ನು. ಅಮೆರಿಕೆಯ ವಿಲಿಯಂ ಶೆಲ್ಡನ್ ಎಂಬವರು 1949ರಲ್ಲಿ ನಾಣ್ಯದ ಸ್ಥಿತಿಯನ್ನು 1ರಿಂದ 70ರವರೆಗೆ ಅಂಕಗಳಿಂದ ಅಳೆಯುವ ಕ್ರಮವೊಂದನ್ನು ಹಾಕಿಕೊಟ್ಟರು. ಇಂದು ಜಗತ್ತಿನ ಅನೇಕ ಕಡೆ ಅದೇ ಅಳತೆ ಬಳಕೆಯಲ್ಲಿದೆ. ಉಜ್ಜಿದ, ಕೆರೆದ, ತೂತು ಕೊರೆದ ನಾಣ್ಯಕ್ಕೆ ಪರೀಕ್ಷಕರು ಸಾಮಾನ್ಯವಾಗಿ ಅಂಕವನ್ನೇ ಕೊಡುವುದಿಲ್ಲ. ದೋಷವನ್ನು ಬರೆದು ಹಿಂದಿರುಗಿಸುತ್ತಾರೆ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಸವೆತ ಬೇರೆ, ಗಾಯ ಬೇರೆ. ಸಂತೆಯಿಂದ ಸಂತೆಗೆ, ಕೈಯಿಂದ ಕೈಗೆ ಹೋಗಿ ಬಂದ ನಾಣ್ಯದ ಉಬ್ಬುಗಳು ಮೆಲ್ಲಮೆಲ್ಲಗೆ ತಗ್ಗುತ್ತವೆ. ಅದು ನಾಣ್ಯವು ತನ್ನ ಕೆಲಸವನ್ನು ಮಾಡಿದುದರ ಗುರುತು. ಅದರಿಂದ ಬೆಲೆ ಇಳಿಯುವುದುಂಟು, ಆದರೆ ಮರ್ಯಾದೆ ಹೋಗುವುದಿಲ್ಲ. ಕುತ್ತಿಗೆಯ ಸರಕ್ಕಾಗಿ ಬೆಸೆದ ಕೊಂಡಿ, ಮೊಳೆಯಿಂದ ಕೊರೆದ ತೂತು, ಅರದಿಂದ ತೀಡಿದ ಅಂಚು, ಇವು ಗಾಯಗಳು. ಕೊಂಡಿಯನ್ನು ಕಿತ್ತುಹಾಕಿದರೂ ಬೆಸುಗೆಯ ಕಲೆ ಉಳಿಯುತ್ತದೆ. ಸಾಧಾರಣವಾದ ರೂಪಾಯಿಗೆ ಹೀಗಾದರೆ ಅದು ಬೆಳ್ಳಿಯ ಬೆಲೆಗೆ ಇಳಿದಂತೆಯೇ ಸರಿ.

ಹಾಗಾದರೆ ಎಲ್ಲ ಗಾಯವೂ ನಷ್ಟವೇ? ಅಲ್ಲ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ದೊರೆಯಿತು. ರೋಮಿನ ಹಣ ನಮ್ಮ ಸೀಮೆಯವರೆಗೆ ಬಂದಿತ್ತೆಂಬುದಕ್ಕೆ ಅದು ಸಾಕ್ಷಿ. ತಮಿಳುನಾಡಿನ ಪುದುಕ್ಕೋಟೆಯ ಸೀಮೆಯಲ್ಲಿ 1898ರಲ್ಲಿ ಸಿಕ್ಕಿದ 501 ರೋಮನ್ ಚಿನ್ನದ ನಾಣ್ಯಗಳಲ್ಲಿ ಬಹುಪಾಲು ಚಕ್ರವರ್ತಿಯ ತಲೆಯ ಮೇಲೆ ಉಳಿಯ ಏಟು ತಿಂದವುಗಳು. ಅವು ಮತ್ತೆ ನಾಣ್ಯವಾಗಿ ಚಲಾವಣೆಗೆ ಬರಬಾರದೆಂದು ಹೀಗೆ ಕಡಿದಿರಬೇಕೆಂಬುದು ವಿದ್ವಾಂಸರ ಒಂದು ಊಹೆ. ಅಂದಿನ ವ್ಯಾಪಾರದ ಕಥೆಯನ್ನು ಆ ಗಾಯವೇ ಹೇಳುತ್ತಿದೆ. ಶರಾಫರ ಅಚ್ಚಿನ ಮಾತೂ ಹೀಗೆಯೇ. ಮಾರುಕಟ್ಟೆ ಅದಕ್ಕೆ ಒಂದಿಷ್ಟು ಬೆಲೆ ತಗ್ಗಿಸಬಹುದು, ಇತಿಹಾಸ ತಗ್ಗಿಸುವುದಿಲ್ಲ. ಆ ಕಾಲದವರು ತಮ್ಮ ವ್ಯವಹಾರಕ್ಕಾಗಿ ಮಾಡಿದ ಗಾಯ ಒಂದು ದಾಖಲೆ. ನಾವು ಹೊಳಪಿನ ಆಸೆಯಿಂದ ಮಾಡುವ ಗಾಯ ಬರಿಯ ನಷ್ಟ.

ಹುಣಸೆಹಣ್ಣು ಮಾಡುವುದೇನು? ತಾಮ್ರದ ನಾಣ್ಯದ ಮೇಲೆ ಬಹುಕಾಲದಿಂದ ಕಟ್ಟಿಕೊಂಡ ಕಂದು ಅಥವಾ ಹಸುರು ಪದರವು ಲೋಹಕ್ಕೆ ಒಂದು ಹೊದಿಕೆಯಂತಿರುತ್ತದೆ. ಹುಳಿಯು ಅದನ್ನು ಕರಗಿಸುತ್ತದೆ. ಇಟ್ಟಿಗೆಯ ಪುಡಿ ಅಥವಾ ಬೂದಿ ಸೇರಿದರೆ ಅಕ್ಷರದ ಏಣುಗಳೂ ಸವೆಯುತ್ತವೆ. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುವಿನ ಆನೆಕಾಸನ್ನೇ ನೋಡಿ. ಒಂದು ಮುಖದಲ್ಲಿ ಆನೆ, ಇನ್ನೊಂದರಲ್ಲಿ ಪಾರಸಿ ಲಿಪಿಯಲ್ಲಿ ಟಂಕಸಾಲೆಯ ಹೆಸರು, ಜೊತೆಗೆ ವರ್ಷದ ಅಂಕಿ. ಅವನ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಯಾವ ಟಂಕಸಾಲೆ, ಯಾವ ವರ್ಷ ಎಂಬುದರ ಮೇಲೆಯೇ ಅದು ಸಾಮಾನ್ಯವೋ ವಿರಳವೋ ಎಂದು ತಿಳಿಯತಕ್ಕದ್ದು. ಉಜ್ಜಿ ಉಜ್ಜಿ ಆನೆಯ ಆಕಾರವೊಂದೇ ಉಳಿದರೆ, ಬೆಲೆಯ ಜೊತೆಗೆ ನಾಣ್ಯದ ಊರೂ ಕಾಲವೂ ಅಳಿಸಿಹೋದಂತಾಯಿತು. ಬೇರೆ ಯಾವ ಕಾಗದದಲ್ಲಿಯೂ ಆ ಒಂದು ನಾಣ್ಯದ ವಿವರ ಬರೆದಿಟ್ಟಿರುವುದಿಲ್ಲ.

ಆದಕಾರಣ ನಾಣ್ಯವುಳ್ಳವರು ಪಾಲಿಸತಕ್ಕ ನಿಯಮಗಳು ಕೆಲವೇ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಬೇಕು; ಬೆರಳಿನ ಬೆವರೂ ಕಲೆ ಮಾಡುತ್ತದೆ. ಬೆಳ್ಳಿಯ ಮೇಲಿನ ಕಪ್ಪನ್ನು ತಿಕ್ಕಬಾರದು. ಅದು ಗಾಳಿಯಲ್ಲಿರುವ ಗಂಧಕದ ಅಂಶದಿಂದ ಬಂದದ್ದು, ಸಮನಾಗಿ ಹರಡಿದ್ದರೆ ಸಂಗ್ರಾಹಕರು ಮೆಚ್ಚುವುದೂ ಉಂಟು. ತಾಮ್ರದ ಮೇಲೆ ಗಟ್ಟಿಯಾದ ಹಸುರಿದ್ದರೆ ಹೆದರಬೇಕಾಗಿಲ್ಲ. ಆದರೆ ಪುಡಿಪುಡಿಯಾಗಿ ಉದುರುವ ತಿಳಿಹಸುರಿನ ಕಿಲುಬು ಕಂಡರೆ ಅದು ತೇವದಿಂದ ಹಬ್ಬುವ ರೋಗವೆಂದು ತಿಳಿದು ಆ ನಾಣ್ಯವನ್ನು ಬೇರೆಯಾಗಿ, ಒಣಗಿದ ಸ್ಥಳದಲ್ಲಿಟ್ಟು ಬಲ್ಲವರಿಗೆ ತೋರಿಸಬೇಕು. ಪಿ.ವಿ.ಸಿ. ಹಾಳೆಯ ಚೀಲಗಳು ಕಾಲಕ್ರಮದಲ್ಲಿ ಜಿಗುಟಾದ ಹಸುರನ್ನು ಬಿಡುತ್ತವೆ. ಆಮ್ಲವಿಲ್ಲದ ಕಾಗದದ ಲಕೋಟೆ ಅವುಗಳಿಗಿಂತ ಮೇಲು. ಹೊಲ ಉಳುವಾಗ ಅಥವಾ ಪಾಯ ತೋಡುವಾಗ ನಿಧಿ ದೊರೆತರೆ ತೊಳೆಯಲೂ ಬಾರದು, ಹಂಚಿಕೊಳ್ಳಲೂ ಬಾರದು. ಸರ್ಕಾರಕ್ಕೆ ತಿಳಿಸತಕ್ಕದ್ದೆಂದು 1878ರ ಶಾಸನವೇ ವಿಧಿಸಿತ್ತು, ಇಂದಿಗೂ ಆ ಕರ್ತವ್ಯ ತಪ್ಪಿಲ್ಲ.

ವ್ರತದ ಮಾತಿಗೆ ಬಂದರೆ, ಕಲಶದ ಮುಂದೆ ಇಂದಿನ ನಾಣ್ಯವೊಂದನ್ನು ಉಜ್ಜಿ ಇಡಬಹುದು. ಅಜ್ಜಿಯ ಕಾಲದಿಂದ ಬಂದ ಆನೆಕಾಸನ್ನು ಅದರ ಕಂದು ಬಣ್ಣದಲ್ಲಿಯೇ, ಲಕೋಟೆಯೊಡನೆ ತಟ್ಟೆಯಲ್ಲಿಟ್ಟರೆ ಪೂಜೆಗೆ ಯಾವ ಲೋಪವೂ ಆಗದು. ಮುಂದಿನ ತಲೆಮಾರಿನವರಿಗೆ ಅದರ ಮೇಲಿನ ಅಕ್ಷರಗಳನ್ನು ಓದುವ ಅವಕಾಶವೂ ಉಳಿಯುತ್ತದೆ.